ಕಸದ ಬುಟ್ಟಿಯಲ್ಲಿ ಬಚ್ಚಿಟ್ಟದ್ದು

ದಿನಾಂಕ ಹದಿನಾಲ್ಕು, ಶನಿವಾರ ಮಧ್ಯಾಹ್ನ
ಮನೆಯ ಮುಂದಿನ ಕೋಣೆ, ಹೊಲಿಗೆ ಮಷೀನಿನ ಮೇಲೆ ಹಲಗೆ ಹಾಕಿಕೊಂಡು

ಪ್ರೀತಿಯ ಇವಳೇ,

ಹೇಗಿದ್ದೀಯ? ಸೊಂಟದ ನೋವು ಹೇಗಿದೆ? ಹೋದ ವಾರ ಫೋನಿನಲ್ಲಿ 'ಏನಿಲ್ಲ ಬಿಡಿ' ಎಂದೆಯಲ್ಲ, ಅದನ್ನು ಕೇಳಿದಂದಿನಿಂದ ನನಗೆ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ನೀನು ಏನಿಲ್ಲ ಅಂದಾಗಲೆಲ್ಲ ಏನೋ ಇದ್ದೇ ಇರುತ್ತದೆ. ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಹಾಸಿಗೆಯಿಂದ ಎತ್ತುವಾಗ ಮೊಣಕಾಲು ಬಗ್ಗಿಸು, ಸೊಂಟ ಬಗ್ಗಿಸಬೇಡ. ಮೂರು ಸೀಟಿನ ಸೋಫಾವನ್ನು ನಾನು ಒಬ್ಬನೇ ಎತ್ತುವುದು ಹಾಗೆಯೇ. (ಈ ಸಾಲನ್ನು ಅಜ್ಜಿಗೆ ಓದಿ ಹೇಳಬೇಡ, ನೊಂದುಕೊಂಡಾರು.) ಚಳಿ ಎಂದಿದ್ದೆ, ಕಿವಿ ಮುಚ್ಚಿಕೋ. ನಿನ್ನ ಕೋಣೆಯ ಹೀಟರಿನಿಂದ ಸುಟ್ಟ ವಾಸನೆ ಬರುತ್ತದೆ ಎಂದಿದ್ದೆಯಲ್ಲ, ಯಾರಿಗಾದರೂ ತೋರಿಸಿದೆಯಾ? ತೋರಿಸದಿದ್ದರೆ ಇವತ್ತೇ ತೋರಿಸು, ಈ ಕಾಗದ ಪೂರ್ತಿ ಓದುವ ಮೊದಲೇ ತೋರಿಸು. ಇನ್ನೊಂದು ಮಾತು: ಕಾಗದ ಕಂಡ ಕೂಡಲೇ ನಿನ್ನ ಎದೆ ಧಸಕ್ ಎಂದಿರುತ್ತದೆ ಎಂದು ನನಗೆ ಗೊತ್ತು. ಮಗಳು ಚೆನ್ನಾಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದಾಳೆ. ಬಾಗಿಲು ತೆರೆದೇ ಇದೆ, ಅವಳ ಬೆನ್ನು ನನಗೆ ಕಾಣುತ್ತದೆ. ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬೀಳದಿರುವ ಮೂಲೆಯೇ ಇಲ್ಲ. ಮೆಟ್ಟಿಲಿಗೆ ಹೋಗಿ ಮಾತಾಡೋಣವೆಂದರೆ ಅಷ್ಟು ಹೊತ್ತು ಅವಳೊಬ್ಬಳೇ ಆಗುತ್ತಾಳೆ.

ಅವಳ ಸುದ್ದಿ ಹೇಳುತ್ತೇನೆ. ಒಂದೂವರೆ ಅಂಗುಲ ಬೆಳೆದಿದ್ದಾಳೆ. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ, ಬಂದಾಗ ನೋಡುವೆಯಂತೆ. ಹುಬ್ಬಿನ ಹೊಲಿಗೆ ಬಿಚ್ಚಿದರು. ಗುರುತು ಉಳಿಯುತ್ತದಂತೆ, ಕೂದಲು ಬಂದರೆ ಮುಚ್ಚುತ್ತದಂತೆ. 'ಅಪ್ಪಾ, ನೀನಾಗಿದ್ರೆ ಇನ್ನೂ ಚೆನ್ನಾಗಿ ಹೊಲೀತಿದ್ದೆ, ಡಬಲ್ ಹೊಲಿಗೆ' ಎಂದಳು. ನಾನು ನಕ್ಕೆ. ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಈ ತಿಂಗಳು ಫಿಟ್ಸ್ ಏಳು ಸಲ ಬಂತು. ಹೋದ ತಿಂಗಳು ನಾಲ್ಕು. ಮೊದಲು ಕೂತಲ್ಲೇ ಬರುತ್ತಿತ್ತು, ಈಗ ನಿಂತಲ್ಲಿಂದ ಬೀಳಿಸುತ್ತಿದೆ. ಮೇಜಿನ ಮೂಲೆಗಳಿಗೆಲ್ಲ ಫೋಮ್ ಅಂಟಿಸಿ ರೆಕ್ಸಿನ್ ಹೊದಿಸಿದ್ದೇನೆ. ಬಚ್ಚಲ ನಲ್ಲಿಗೂ ಹೊದಿಸಿದ್ದೇನೆ. ಮನೆ ನೋಡಿದರೆ ನಿನಗೆ ನಗು ಬರುತ್ತದೆ, ಇಡೀ ಮನೆಯೇ ಒಂದು ಸೋಫಾ. ಮೇಲೆ ಒಂದು ಪದ ಬರೆದು ಹೊಡೆದುಹಾಕಿರುವುದು ನಿನಗೆ ಕಾಣಿಸಿರಬಹುದು. 'ಗೂಬೆಮರಿ ಚೆನ್ನಾಗಿದ್ದಾಳೆ' ಎಂದು ಬರೆಯಲು ಹೋಗಿದ್ದೆ. ಮೊನ್ನೆಯಿಂದ ಆ ಹೆಸರು ನನ್ನ ಬಾಯಲ್ಲಿ ಬರುತ್ತಿಲ್ಲ. ಯಾಕೆಂದು ಈಗಲೇ ಕೇಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಬೇಸರ ಪಡಬೇಡ. ಆರನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹಾಕಿದವನು ನಾನು, ಬುಡದಿಂದ ಬಂದರೇ ನನಗೆ ತುದಿ ಸಿಗುವುದು. ಆಸ್ಪತ್ರೆಯಲ್ಲಿ ಐದು ದಿನ ತಲೆಗೆ ವೈರು ಅಂಟಿಸಿ ಕೂರಿಸಿದರು, ಒಂದೂ ಫಿಟ್ಸ್ ಬರಲಿಲ್ಲ. ಮನೆಗೆ ಬಂದ ಎರಡನೇ ದಿನ ಬಂತು. ಹಾಗಾಗಿ ದೊಡ್ಡ ಡಾಕ್ಟರು, 'ಬಂದಾಗಲೆಲ್ಲ ವಿಡಿಯೋ ಮಾಡಿ, ಒಂದನ್ನೂ ಬಿಡಬೇಡಿ. ತಲೆಯಲ್ಲಿ ಎಲ್ಲಿಂದ ಶುರುವಾಗುತ್ತೆ ಅಂತ ನೋಡೋಕೆ ನಮಗಿರೋದು ಅದೊಂದೇ ದಾರಿ' ಎಂದರು. ಹದಿನೇಳನೇ ತಾರೀಖು, ಮಂಗಳವಾರ, ಡಾಕ್ಟರುಗಳೆಲ್ಲ ಸೇರಿ ಕೂರುತ್ತಾರೆ. ಆಪರೇಷನ್ ಮಾಡಬಹುದೋ ಇಲ್ಲವೋ ಎಂದು ಅಂದೇ ತೀರ್ಮಾನ. ಅಂದು ತಪ್ಪಿದರೆ ಮುಂದಿನ ಸರದಿ ಎಂಟು ತಿಂಗಳಿಗೆ. ನೀನು ಅಷ್ಟು ದೂರ ಹೋಗಿ ಪರರ ತಾಯಿಯ ಸೇವೆ ಮಾಡುತ್ತಿರುವುದು ಈ ಒಂದು ದಿನಕ್ಕಾಗಿ. ಹೊರಡುವ ಹಿಂದಿನ ದಿನ ಮಧ್ಯಾಹ್ನವಿಡೀ ನೀನು ಕಂಪ್ಯೂಟರಿನ ಮುಂದೆ ಕೂತು ವಿಡಿಯೋಗಳನ್ನೆಲ್ಲ ಒಪ್ಪ ಮಾಡಿದೆ. ಫೋನಿನಿಂದ ಅದಕ್ಕೆ ಹೇಗೆ ಸಾಗಿಸುವುದು, ಸಾಗಿಸಿದ ಮೇಲೆ ಫೋನಿನಲ್ಲಿ ಹೇಗೆ ಜಾಗ ಖಾಲಿ ಮಾಡುವುದು, ಎಲ್ಲ ನನ್ನ ಕೈಯಲ್ಲೇ ಮೂರು ಸಲ ಮಾಡಿಸಿದೆ. 'ರೀ, ಹಾಕಿ, ಬಿಟ್ಬಿಡಿ. ಆಮೇಲೆ ಮುಟ್ಟಬೇಡಿ. ನಿಮ್ಮ ಕೈ ಸುಮ್ನಿರಲ್ಲ' ಎಂದೆ. ಒಟ್ಟು ಅರವತ್ತೊಂದು ವಿಡಿಯೋ ಆಗಿದ್ದವು.

ಅವು ಹೋದವು. ನನ್ನಿಂದಲೇ ಹೋದವು.

ಹೇಗೆಂದು ಹೇಳುತ್ತೇನೆ, ಬೈಯುವುದನ್ನು ಕೊನೆಯವರೆಗೆ ಇಟ್ಟುಕೋ. ಎರಡು ತಿಂಗಳಿಂದ ಅವಳು ಒಂದೇ ಮಾತು ಹಿಡಿದಿದ್ದಳು: 'ಅಪ್ಪಾ, ಆವಾಗ ನಾನು ಹೆಂಗ್ ಕಾಣ್ತೀನಿ? ನೀನು ಫೋನ್ ಹಿಡ್ಕೊಂಡಿರ್ತೀಯ ಅಂತ ಕೆಳಗಿನ ಮನೆ ಟೀಚರಮ್ಮ ಹೇಳಿದ್ರು. ತೋರಿಸು.' ನಾನು ಒಲ್ಲೆ ಎಂದೆ. ತಾನೇ ಹುಡುಕಲು ಶುರು ಮಾಡಿದಳು. ಹನ್ನೆರಡು ವರ್ಷದವಳಿಗೆ ನನಗಿಂತ ಕಂಪ್ಯೂಟರ್ ಗೊತ್ತು. ನೀನು ಇಟ್ಟ ಫೋಲ್ಡರಿನ ಹೆಸರು ಬದಲಿಸಿದೆ. 'ಹಳೇ ಬಟ್ಟೆ ಸ್ಯಾಂಪಲ್' ಎಂದಿಟ್ಟೆ. ಎರಡು ದಿನ ನಿದ್ದೆ ಬರಲಿಲ್ಲ, ಬಟ್ಟೆ ನೋಡಲು ತೆರೆದರೆ? ಅದರೊಳಗೆ ಒಂದು, ಅದರೊಳಗೆ ಇನ್ನೊಂದು, ಏಳು ಪದರ ಮಾಡಿ ಇಟ್ಟೆ. ಆಮೇಲೆ ನನಗೇ ಸಿಗಲಿಲ್ಲ. ಸಿಕ್ಕ ಮೇಲೆ ಕೂತು ಯೋಚನೆ ಮಾಡಿದೆ: ಯಾರೂ ಕೈ ಹಾಕದ ಜಾಗ ಯಾವುದು? ನಿನ್ನ ಬಂಗಾರದ ಓಲೆಯನ್ನು ನಾನು ಎಲ್ಲಿಟ್ಟಿದ್ದೇನೆ ನಿನಗೇ ಗೊತ್ತಲ್ಲ. ಬೀರುವಿನಲ್ಲಿಲ್ಲ, ಫೋಮ್ ಚೂರು ತುಂಬಿದ ಕಸದ ಗೋಣಿಯ ತಳದಲ್ಲಿ. ಕಳ್ಳ ಬಂದರೆ ಬೀರು ಒಡೆಯುತ್ತಾನೆಯೇ ಹೊರತು ಕಸ ಕೆದಕುತ್ತಾನೆಯೇ? ಹದಿನೈದು ವರ್ಷದಿಂದ ಅದೇ ನನ್ನ ತಿಜೋರಿ. ಕಂಪ್ಯೂಟರಿನ ಪರದೆಯ ಮೂಲೆಯಲ್ಲೂ ಒಂದು ಕಸದ ಬುಟ್ಟಿ ಇದೆಯಲ್ಲ, ಅರವತ್ತೊಂದನ್ನೂ ಎತ್ತಿ ಅದರೊಳಗೆ ಹಾಕಿದೆ. ಬೇಕೆಂದಾಗ ತೆಗೆಯುತ್ತಿದ್ದೆ, ನೋಡಿ ಎಣಿಸಿ ಮತ್ತೆ ಹಾಕುತ್ತಿದ್ದೆ. ದಿನಾ ಎಣಿಸುತ್ತಿದ್ದೆ. ಆರು ವಾರ ಅಲ್ಲಿ ಭದ್ರವಾಗಿದ್ದವು ಮಾರಾಯ್ತಿ. ಆ ಆರು ವಾರ ನಾನು ನಿಶ್ಚಿಂತೆಯಿಂದ ಮಲಗಿದ್ದೆ, ನನ್ನ ಜನ್ಮದಲ್ಲೇ ಅಪರೂಪ.

ಇವತ್ತಿಗೆ ಹದಿಮೂರು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ನಾನು ಊಟದ ಮೇಜಿನ ಆರು ಕುರ್ಚಿಗೆ ಸೀಟು ಹೊಡೆಯುತ್ತಿದ್ದೆ. ಅವಳು ಶಾಲೆಯ ಪ್ರಾಜೆಕ್ಟ್ ಮಾಡುತ್ತಿದ್ದಳು. ಜಾಗ ಸಾಲದು ಎಂದು ಕಂಪ್ಯೂಟರ್ ಹೇಳಿತಂತೆ. ಮೊಳೆ ಹೊಡೆಯುವ ಸದ್ದಿನ ನಡುವೆ ಒಳಗಿಂದ ಕೂಗಿದಳು: 'ಅಪ್ಪಾ, ಕಂಪ್ಯೂಟರ್ ಗುಡಿಸಿಬಿಟ್ಟೆ! ಎಷ್ಟ್ ಕಸ ಇಟ್ಟಿದ್ದೆ ನೀನು! ಈಗ ನೋಡು, ಕುದುರೆ ತರ ಓಡತ್ತೆ.' ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಗಿದೆ, ಕಾಗದ ಒತ್ತಿ ಹಿಡಿಯಲಾಗದು, ಅದಕ್ಕೇ ಅಕ್ಷರ ಹೀಗೆ ಸೊಟ್ಟ. ಓಡಿಹೋಗಿ ನೋಡಿದರೆ ಬುಟ್ಟಿ ಬರಿದು. ನನ್ನ ಮುಖ ನೋಡಿ ಅವಳ ನಗು ಹಾಗೇ ನಿಂತುಹೋಯಿತು. 'ಅದ್ರಲ್ಲಿ ಏನಿತ್ತು?' ಎಂದಳು. ಸೋಫಾ ಡಿಸೈನು ಎಂದೆ. ಆಮೇಲೆ ಪೆನ್ಸಿಲ್ ಕಚ್ಚುತ್ತಾ, 'ಅದ್ರಲ್ಲಿ ನಾನಿದ್ನಾ?' ಎಂದು ಕೇಳಿದಳು. ಇಲ್ಲ ಮಗಳೇ ಎಂದೆ. ನಂಬಿದಳೋ ಇಲ್ಲವೋ, ಅಂದಿನಿಂದ ಕಂಪ್ಯೂಟರ್ ಮುಟ್ಟಿಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ಅನಾಹುತ. ಅಂದೇ ಯಾರನ್ನಾದರೂ ಕೇಳಬೇಕಿತ್ತು. ಕೇಳಿದರೆ ಕಸದ ಬುಟ್ಟಿಯ ವಿಷಯ ಹೇಳಬೇಕಾಗುತ್ತದೆ ಎಂದು ನಾಚಿಕೆ. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅಳಿಸಿದ್ದನ್ನು ಹುಡುಕಿಕೊಡುವ ಒಂದು ಪ್ರೋಗ್ರಾಂ ಇಳಿಸಿಕೊಂಡೆ. ಅದು ಸಾಲದೆಂದು ಇನ್ನೊಂದು. ಅವು ಏನೇನೋ ಹೆಸರಿನ ನಾನೂರು ಫೈಲು ತೆಗೆದುಕೊಟ್ಟವು. ಯಾವುದೂ ತೆರೆಯದು. ಯಾವತ್ತಾದರೂ ತೆರೆದೀತು ಎಂದು ನಾನೂರನ್ನೂ ಅದೇ ಕಂಪ್ಯೂಟರಿಗೆ ತುಂಬಿದೆ. ಆಮೇಲೆ ಹೊಸ ಭಯ ಹುಟ್ಟಿತು: ಫೋನಿನಲ್ಲಿ ಉಳಿದಿರುವ ಅವಳ ಫೋಟೋಗಳೂ ಹೋದರೆ? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಫೋನಿನಲ್ಲಿದ್ದದ್ದೆಲ್ಲವನ್ನೂ ಕಂಪ್ಯೂಟರಿಗೆ ಒಂದು ಪ್ರತಿ ಹಾಕಿದೆ. ಒಂದು ಕೆಟ್ಟರೆ ಎಂದು ಎರಡನೆಯದು. ಎರಡೂ ಕೆಟ್ಟರೆ ಎಂದು ಮೂರನೆಯದು. ನಾಲ್ಕು ದಿನ ಅಂಗಡಿ ಕೆಲಸ ಬಿಟ್ಟು ಇದೇ ಮಾಡಿದೆ. ಕುರ್ಚಿಯವರು ಎರಡು ಸಲ ಬಂದು ಬೈದು ಹೋದರು, ಬೈಯಲಿ ಬಿಡು.

ಐದನೇ ದಿನ ಧೈರ್ಯ ಮಾಡಿ ಕಂಪ್ಯೂಟರನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಬಸ್ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಗೂಡು. ಗೋಡೆ ತುಂಬ ಬಿಚ್ಚಿದ ಮಷೀನುಗಳು, ಒಂದು ಟೇಬಲ್ ಫ್ಯಾನು, ಅದರ ಮುಂದೆ ದಪ್ಪ ಕನ್ನಡಕದ ರಿಪೇರಿಯವನು. ನನಗಿಂತ ಹಿರಿಯ. ಕಥೆ ಎಲ್ಲ ಕೇಳಿದ. ನಡುವೆ ಒಂದು ಸಲ ಕನ್ನಡಕ ತೆಗೆದು ಒರೆಸಿಕೊಂಡ. 'ಯಜಮಾನ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೇಲಿ ಬಂಗಾರ ಇದ್ರೆ ಎಲ್ಲಿಡ್ತೀರಿ? ಕಸದ ಡಬ್ಬೀಲಾ?' ಎಂದ. 'ಹೌದು ಸ್ವಾಮಿ, ಅಲ್ಲೇ ಇಡೋದು' ಎಂದೆ. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು ಕಂಪ್ಯೂಟರ್ ಬಿಚ್ಚತೊಡಗಿದ.

ಆಮೇಲೆ ಅವನು ತಾಳ್ಮೆಯಿಂದ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲವಂತೆ. ಮೇಲಿನ ಚೀಟಿ ಮಾತ್ರ ಕಿತ್ತುಹಾಕಿ, 'ಜಾಗ ಖಾಲಿ ಇದೆ' ಎಂದು ಬೋರ್ಡು ಹಾಕುತ್ತದಂತೆ. ಒಳಗಿನದು ಹಾಗೇ ಬಿದ್ದಿರುತ್ತದೆ. ಹಳೇ ಸೋಫಾದ ಮೇಲ್ಬಟ್ಟೆ ಬಿಚ್ಚಿದರೆ ಕೆಳಗೆ ಮೊದಲ ಮಾಲೀಕನ ಕಾಲದ ಬಟ್ಟೆ ಸಿಗುವುದಿಲ್ಲವೇ, ಹಾಗೆ. ಯಾವಾಗ ಅದೇ ಜಾಗಕ್ಕೆ ಹೊಸದನ್ನು ತಂದು ತುಂಬುತ್ತೇವೋ ಆವಾಗಲೇ ಹಳೆಯದು ಸಾಯುವುದು. 'ಆವತ್ತೇ ಪ್ಲಗ್ ಕಿತ್ತು, ಏನೂ ಮುಟ್ಟದೆ ತಂದಿದ್ರೆ ಅರವತ್ತೊಂದಕ್ಕೆ ಅರವತ್ತು ತೆಗೆದುಕೊಡ್ತಿದ್ದೆ. ನೀವು ನಾಲ್ಕು ದಿನ ಕೂತು ಅದರ ಮೇಲೆ ಮಣ್ಣು ಎಳೆದಿದ್ದೀರಿ' ಎಂದ. ಮಗಳು ಗುಡಿಸಿದ್ದರಿಂದ ಹೋದದ್ದಲ್ಲ, ಇವಳೇ. ಕಳೆದುಹೋದೀತು ಎಂಬ ಹೆದರಿಕೆಯಿಂದ ನಾನು ಹಾಕಿದ ಆ ಮೂರು ಪ್ರತಿಯಿಂದ ಹೋದದ್ದು. ಹೆದರುವವನ ಮೇಲೆ ಹಾವು ಬಿಟ್ಟರಂತೆ; ನನಗೆ ಬೇರೆಯವರು ಬಿಡುವುದು ಬೇಡ, ಹಾವು ಸಾಕಿಕೊಂಡಿರುವವನು ನಾನೇ.

ಎಂಟು ದಿನ ಅವನ ಬಳಿ ಇತ್ತು. ದಿನಾ ಮಧ್ಯಾಹ್ನ ಅವಳನ್ನು ಕೆಳಗಿನ ಮನೆಯ ಟೀಚರಮ್ಮನ ಹತ್ತಿರ ಕೂರಿಸಿ ಹೋಗಿ ನಿಲ್ಲುತ್ತಿದ್ದೆ. 'ಯಜಮಾನ್ರೇ, ನೀವು ನೋಡ್ತಾ ನಿಂತ್ರೆ ಅದು ಬೇಗ ಬೇಯಲ್ಲ, ಹೋಗಿ' ಎನ್ನುತ್ತಿದ್ದ. ಪಾಪ, ಮೂರನೇ ದಿನದಿಂದ ಒಂದು ಸ್ಟೂಲು ಹಾಕಿಟ್ಟಿರುತ್ತಿದ್ದ. ಅದರ ಸೀಟು ಹರಿದಿತ್ತು, ನಾನು ಅಲ್ಲೇ ಕೂತು ಹೊಲಿದುಕೊಟ್ಟೆ. ಮೊನ್ನೆ ಗುರುವಾರ ಪೆನ್‌ಡ್ರೈವ್ ಕೈಗಿಟ್ಟ. ಒಂಬತ್ತು ಬಂದಿವೆ. ಅದರಲ್ಲಿ ನಾಲ್ಕು ಪೂರ್ತಿ. ಮೂರರಲ್ಲಿ ಚಿತ್ರವಿಲ್ಲ, ಸದ್ದು ಮಾತ್ರ. ಎರಡರಲ್ಲಿ ಚಿತ್ರ ಕಲ್ಲಾಗಿ ನಿಂತುಬಿಟ್ಟಿದೆ, ಅವಳ ಅರ್ಧ ಮುಖ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಅದನ್ನು ನೋಡಬೇಡ, ಕಳಿಸುವುದೂ ಇಲ್ಲ. ಸದ್ದು ಮಾತ್ರ ಇರುವ ಒಂದರಲ್ಲಿ ನಾನು ಎಣಿಸುತ್ತಿದ್ದೇನೆ, ನಲವತ್ತು, ನಲವತ್ತೊಂದು, ಎಂದು. ಅವಳ ಉಸಿರು ಕೇಳುತ್ತದೆ, ಕೆಳಗಿನ ಬೀದಿಯಲ್ಲಿ ಯಾರೋ ತಳ್ಳುಗಾಡಿಯವನು ಕೂಗುವುದು ಕೇಳುತ್ತದೆ. ನನ್ನ ಧ್ವನಿ ಅಷ್ಟು ಗಟ್ಟಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. 'ನಿಮ್ಮದರ ಜೊತೆ ಹಳೇ ಕಸವೂ ಒಂದಿಷ್ಟು ಬಂದಿದೆ, ಮನೇಲಿ ನೋಡ್ಕೊಳ್ಳಿ' ಎಂದು ರಿಪೇರಿಯವನು ಹೇಳಿದ. ದುಡ್ಡು ಕೇಳಲು ಹಿಂಜರಿದ, ನಾನೇ ಬಲವಂತ ಮಾಡಿ ಕೊಟ್ಟೆ.

ನಿನ್ನೆ ಬೆಳಿಗ್ಗೆ ಅವಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆ, ಅವಳನ್ನು ಹೊರಗೆ ನರ್ಸಮ್ಮನ ಹತ್ತಿರ ಕೂರಿಸಿದೆ. ಡಾಕ್ಟರು ಒಂಬತ್ತನ್ನೂ, ಆಮೇಲೆ ಫೋನಿನಲ್ಲಿ ಹೊಸದಾಗಿ ತೆಗೆದವನ್ನೂ ನೋಡಿದರು. ಒಂದೊಂದನ್ನೂ ಹಿಂದಕ್ಕೆ ಎಳೆದು ಎಳೆದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ಇವು ಸಾಲಲ್ಲ' ಎಂದರು. ಅರವತ್ತೊಂದಿದ್ದರೂ ಸಾಲುತ್ತಿರಲಿಲ್ಲವೇನೋ ಎಂದರು. ಯಾಕೆಂದರೆ ನಾವು ಫೋನು ತೆಗೆಯುವುದು ಅದು ಬಂದ ಮೇಲೆ ತಾನೆ? ಎಲ್ಲವೂ ನಡುವಿನಿಂದ ಶುರು. 'ನನಗೆ ಬೇಕಾಗಿರೋದು ಮೊದಲ ಹತ್ತು ಸೆಕೆಂಡು. ಮೊದಲು ಕಣ್ಣಾ, ಬಾಯಾ, ಕೈನಾ? ಯಾವ ಕೈ? ಆ ಕ್ಷಣದಲ್ಲಿ ಯಾರಾದ್ರೂ ಕರೆದ್ರೆ ಓ ಅಂತಾಳಾ, ಇಲ್ವಾ? ಅದು ಗೊತ್ತಾಗದೆ ತಲೆ ತೆರೆಯೋಕೆ ಯಾರೂ ಒಪ್ಪಲ್ಲ' ಎಂದರು. ಆಮೇಲೆ ಹಳೇ ಕಡತ ತಿರುವಿ ಹಾಕಿ, ನಮ್ಮಿಬ್ಬರನ್ನೂ ಆವತ್ತು ಕೇಳಿದ್ದನ್ನೇ ಮತ್ತೆ ಕೇಳಿದರು. ಮೊದಲ ಸಲ ಬಂದದ್ದು ಹದಿನಾಲ್ಕು ತಿಂಗಳ ಹಿಂದೆ, ಶಾಲೆಯ ಮೆಟ್ಟಿಲ ಮೇಲೆ, ಅಲ್ಲವೇ? ಹೌದು ಎಂದೆ. ಅದಕ್ಕೆ ಮೊದಲು ಏನೂ ಇರಲಿಲ್ಲವೇ? ಇಲ್ಲ ಎಂದೆ. ಶುರುವಿನಿಂದ ಇರುವ ವಿಡಿಯೋ, ಬೇರೆ ಏನಕ್ಕೋ ತೆಗೆಯುವಾಗ ಅಕಸ್ಮಾತ್ ಸಿಕ್ಕಿದ್ದು, ಒಂದೂ ಇಲ್ಲವೇ? ಇಲ್ಲ ಸಾರ್ ಎಂದೆ. ಸೋಮವಾರ ಬೆಳಿಗ್ಗೆ ಹತ್ತರೊಳಗೆ ಏನಾದರೂ ಸಿಕ್ಕರೆ ತಂದುಕೊಡಿ, ಇಲ್ಲದಿದ್ದರೆ ಎಂಟು ತಿಂಗಳು ಕಾಯೋಣ, ಮಾತ್ರೆ ಹೆಚ್ಚು ಮಾಡಿ ನೋಡೋಣ ಎಂದರು. ಮಾತ್ರೆ ಹೆಚ್ಚು ಮಾಡಿದರೆ ಅವಳು ಹೇಗಾಗುತ್ತಾಳೆ ಎಂದು ನಿನಗೆ ಗೊತ್ತು. ಹೋದ ಸಲ ಮೂರು ದಿನ ತಾನು ಯಾವ ಕ್ಲಾಸು ಎಂದೇ ಮರೆತಿದ್ದಳು.

ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ನಿದ್ದೆ ಹೋದಳು. ನನ್ನ ಅಂಗೈಯನ್ನು ಗಾಜಿಗೂ ಅವಳ ಹಣೆಗೂ ನಡುವೆ ಇಟ್ಟುಕೊಂಡು ಬಂದೆ. ಇಳಿಯುವ ಸ್ಟಾಪ್ ದಾಟಿ ಹೋಯಿತು, ಎಬ್ಬಿಸಲಿಲ್ಲ.

ಇಷ್ಟೇ ಸುದ್ದಿ. ನೀನು ಅಲ್ಲಿ ಒಬ್ಬಳೇ ಅಳಬೇಡ, ಅಜ್ಜಿಯ ಪಕ್ಕ ಕೂತು ಅಳು, ದೊಡ್ಡವರು ಜೊತೆಗಿದ್ದರೆ ಒಳ್ಳೆಯದು. ಅವರಿಗೆ ನನ್ನ ನಮಸ್ಕಾರ ತಿಳಿಸು. ಕೆಳಗಿನ ಟೀಚರಮ್ಮ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಮಗಳು ಈ ಕಾಗದದ ಜೊತೆ ಒಂದು ಚಿತ್ರ ಇಡುತ್ತಿದ್ದಾಳೆ. ಅದರಲ್ಲಿ ಉದ್ದಕ್ಕೆ ಇರುವವಳು ನೀನು, ಪಕ್ಕದಲ್ಲಿ ಮಂಚದಂತೆ ಕಾಣುವುದು ನಾನಂತೆ. ನಿನ್ನ ಓಲೆ ಗೋಣಿಯಿಂದ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ಹೊಟ್ಟೆ ತುಂಬ ಊಟ ಮಾಡು, ಸೊಂಟ ನೋಡಿಕೋ, ಹೀಟರ್ ನೋಡಿಕೋ. ನೂರು ವರ್ಷ ಚೆನ್ನಾಗಿರು ಎಂದು ಹರಸುವಷ್ಟು ದೊಡ್ಡವನಲ್ಲ ನಾನು, ಆದರೂ ಹರಸುತ್ತೇನೆ.

ಇತಿ,
ನಿನ್ನ ಪುಕ್ಕಲ ಗಂಡ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದ್ದರೆ ಅದಕ್ಕೇ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಶುರುವಿನಿಂದ ಇರುವ ವಿಡಿಯೋ ಇಲ್ಲ ಎಂದು ಡಾಕ್ಟರಿಗೆ ಹೇಳಿದೆನಲ್ಲ, ಗುರುವಾರ ರಾತ್ರಿಯೇ ನಾನು ನೋಡಿದ್ದ ಅದು ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಅದೇ ಪೆನ್‌ಡ್ರೈವಿನಲ್ಲಿ, ಹಳೇ ಕಸದ ಜೊತೆ. ಹಸಿರು ರೆಕ್ಸಿನ್ನಿನ ಸೋಫಾ ನೆನಪಿದೆಯಾ? ನಾನು ಸ್ವಂತ ಕಸುಬು ಹಿಡಿದು ಮಾಡಿದ ಮೊದಲ ಸೋಫಾ. ಗಿರಾಕಿಗೆ ತೋರಿಸಲೆಂದು ನೀನು ವಿಡಿಯೋ ಹಿಡಿದೆ, ಅವಳನ್ನು ನಡುವೆ ಕೂರಿಸಿದೆವು. ಎಂಟು ವರ್ಷದವಳು. 'ಬನ್ನಿ ಬನ್ನಿ, ಮೆತ್ತನೆ ಸೋಫಾ' ಎಂದು ಕೂಗುತ್ತಿದ್ದವಳು 'ಮೆತ್ತ' ಎನ್ನುವಲ್ಲಿ ನಿಂತುಬಿಡುತ್ತಾಳೆ. ಕಣ್ಣು ನೆಟ್ಟಗೆ. ಆಮೇಲೆ ಬಾಯಿ ಏನನ್ನೋ ಅಗಿದಂತೆ. ಆಮೇಲೆ ಬಲಗೈ ಸೋಫಾದ ಗುಂಡಿಯನ್ನು ಕೀಳುತ್ತಾ ಕೂರುತ್ತದೆ. ನಾನು ಹಿಂದಿನಿಂದ, 'ನೋಡೇ, ನೋಡೇ, ಹೆಂಗ್ ಕಣ್ ಬಿಟ್ಕೊಂಡು ಕೂತಿದೆ, ಗೂಬೆಮರಿ!' ಎನ್ನುತ್ತೇನೆ. ನೀನು ನಗುತ್ತೀಯ. ಫೋನು ಅಲುಗುವಷ್ಟು ನಗುತ್ತೀಯ. ನಾನು ಎರಡು ಸಲ ಅವಳನ್ನು ಕರೆಯುತ್ತೇನೆ, ಓ ಎನ್ನುವುದಿಲ್ಲ. ಎಚ್ಚರಾದ ಮೇಲೆ ನಮ್ಮಿಬ್ಬರ ಮುಖ ನೋಡಿ, ನಾವು ನಗುತ್ತಿದ್ದೇವೆಂದು ತಾನೂ ನಗುತ್ತಾಳೆ. 'ಇನ್ನೊಂದ್ಸಲ ಮಾಡು ಪುಟ್ಟಾ, ಇನ್ನೊಂದ್ಸಲ' ಎಂದವನು ನಾನು. ಆ ಹೆಸರು ಹುಟ್ಟಿದ್ದು ಆವತ್ತು.

ಫೈಲಿನಲ್ಲಿ ತಾರೀಖು ಇದೆ. ನಾವು ಹೇಳಿದ ಹದಿನಾಲ್ಕು ತಿಂಗಳಲ್ಲ, ನಾಲ್ಕು ವರ್ಷ. ಅಳಿಸಿದ ತಾರೀಖನ್ನೂ ರಿಪೇರಿಯವನು ತೆಗೆದುಕೊಟ್ಟ: ಹೊರಡುವ ಹಿಂದಿನ ದಿನ, ನೀನು ಕಂಪ್ಯೂಟರಿನ ಮುಂದೆ ಕೂತಿದ್ದ ಆ ಮಧ್ಯಾಹ್ನ. ಯಾರೂ ಕಾಲಿಡದ ಮೂಲೆಯಲ್ಲಿತ್ತಂತೆ, ನನ್ನ ಪ್ರತಿಗಳು ಅಲ್ಲಿಯವರೆಗೆ ಹೋಗಿರಲಿಲ್ಲ. ಅದಕ್ಕೇ ಉಳಿದಿದೆ, ಒಂದು ಚೂರೂ ಮುಕ್ಕಾಗದೆ. ಆವತ್ತು ಡಾಕ್ಟರು 'ಮೊದಲು ಏನೂ ಇರಲಿಲ್ವಾ' ಎಂದಾಗ ನೀನು ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದದ್ದು ಈಗ ಅರ್ಥವಾಗುತ್ತಿದೆ. ನನ್ನ ಕಣ್ಣಿಗೆ ಬೀಳದಿರಲೆಂದು ಅಳಿಸಿದೆಯೋ, ನಿನ್ನ ಕಣ್ಣಿಗೋ, ಕೇಳುವುದಿಲ್ಲ. ಅಳಿಸಿದವಳು ನೀನು, ಆದ್ದರಿಂದ ಕೊಡುವ ಮೊದಲು ನಿನ್ನನ್ನು ಕೇಳಬೇಕೆಂದುಕೊಂಡಿದ್ದೆ, ಕೇಳಲು ಹೊತ್ತಿಲ್ಲ. ಸೋಮವಾರ ಹತ್ತಕ್ಕೆ ಕೊಡುತ್ತೇನೆ. ಈ ಕಾಗದ ನಿನಗೆ ಸಿಗುವಷ್ಟರಲ್ಲಿ ಅವರೆಲ್ಲ ಸೇರಿ ನಮ್ಮ ನಗು ಕೇಳಿರುತ್ತಾರೆ. ನಗುವನ್ನಷ್ಟೇ ತೆಗೆದುಹಾಕಿ ಕೊಡಿ ಎಂದು ರಿಪೇರಿಯವನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ತೆಗೆಯಬಹುದು, ಆದರೆ ಸದ್ದು ತೆಗೆದರೆ ನೀವು ಕರೆದದ್ದೂ ಹೋಗುತ್ತದೆ ಎಂದ. ಡಾಕ್ಟರಿಗೆ ಬೇಕಾಗಿರುವುದೇ ಅದು, ಕರೆದರೂ ಅವಳು ಓ ಎನ್ನದಿದ್ದದ್ದು. ಹಾಗೇ ಇರಲಿ ಎಂದೆ.

ಆವತ್ತೇ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಬೇಡ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ನೀನೂ ಕೇಳಬೇಡ.

ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಒಂದೇ ಮಾತು. ನಿನ್ನೆ ಬಸ್ಸಿಳಿದು ಹಿಂದಕ್ಕೆ ನಡೆದು ಬರುವಾಗ ಅವಳು ಕೇಳಿದಳು: 'ಅಪ್ಪಾ, ನಿನ್ನೆಯಿಂದ ನನ್ನ ಯಾಕೆ ಗೂಬೆಮರಿ ಅಂತ ಕರೆದಿಲ್ಲ? ನನ್ನ ಮೇಲೆ ಕೋಪಾನಾ?' ಇದಕ್ಕೆ ಏನು ಹೇಳಬೇಕೆಂದು ಬರೆದು ಕಳಿಸು. ಬೇರೇನೂ ಬರೆಯದಿದ್ದರೂ ಸರಿ.